ನೂರೆಂಟರಲ್ಲಿ ಒಂದು ಗುಂಡಿ

ಬೋಳೂರಿನ ಈ ಮಾಳಿಗೆಗೆ, ಟೈಲರ್ ಅಂಗಡಿಯ ಮೇಲೆ,
ನಲವತ್ತು ವರ್ಷದಿಂದ ಜನ ಒಂಬತ್ತನ್ನೇ ಕೇಳಿಕೊಂಡು ಬಂದದ್ದು.
ಶನಿ ಯಾವಾಗ ಬಿಡುತ್ತಾನೆ, ಗುರು ಯಾವಾಗ ತಿರುಗಿ ನೋಡುತ್ತಾನೆ,
ಹೆಚ್ಚೆಂದರೆ ಮಾಂದಿ ಎಲ್ಲಿ ಕೂತಿದ್ದಾನೆ.
ಯಶವಂತಿ ತಂದ ಹಾಳೆಯಲ್ಲಿ ಮಾತ್ರ
ಹನ್ನೆರಡು ಮನೆಗೂ ಇರುವೆ ಹತ್ತಿದ ಹಾಗೆ
ಸಣ್ಣ ಸಣ್ಣ ಗುರುತುಗಳು.

"ತಂಗಿಯ ಮಗ ಫೋನಿನಲ್ಲಿ ತೆಗೆದುಕೊಟ್ಟದ್ದು.
ಇವೆಲ್ಲ ಎಂತದು ಭಟ್ರೇ?"

ಕನ್ನಡಕ ಒರೆಸಿಕೊಂಡೆ.
"ಕ್ಷುದ್ರಗ್ರಹಗಳು. ಮಂಗಳನಿಗೂ ಗುರುವಿಗೂ ನಡುವೆ
ಗ್ರಹವಾಗಲಾಗದೆ ಉಳಿದ ಕಲ್ಲುಗಳು.
ನಮ್ಮ ಶಾಸ್ತ್ರದಲ್ಲಿ ಇಲ್ಲ. ಲೆಕ್ಕಕ್ಕೆ ಹಿಡಿಯುವುದು ಬೇಡ."

"ಕ್ಷುದ್ರ ಅಂದರೆ?"

ಅರ್ಧ ಅರ್ಥ ನುಂಗಿ, "ಸಣ್ಣದು" ಅಂದೆ.
ಉಳಿದರ್ಧ ಅವಳಿಗೆ ಗೊತ್ತಿದ್ದ ಹಾಗಿತ್ತು.

ಹುಟ್ಟಿದ ಹೊತ್ತು ಸರಿಯೇ ಎಂದು ಕೇಳಿದೆ.
ಅಮ್ಮ ಹಂಚಿನ ಕಾರ್ಖಾನೆಯಲ್ಲಿದ್ದಳಂತೆ;
ಊಟದ ಸೈರನ್ ಕೂಗಿ ನಿಲ್ಲುವುದರೊಳಗೆ ಇವಳು ಕೂಗಿದ್ದು.
ಗಡಿಯಾರಕ್ಕಿಂತ ಅದು ಸರಿ. ಮಿಥುನ ಲಗ್ನ.

ಆರನೆಯ ಮನೆ: ರೋಗದ್ದು, ಸಾಲದ್ದು, ಶತ್ರುವಿನದ್ದು.
ಅಲ್ಲಿ ಸಿರೀಸ್ ಅಂತ ಒಂದು,
ಪರದೇಶದ ಯಾವುದೋ ಧಾನ್ಯದೇವತೆಯಂತೆ.
ನನ್ನ ನಾಲಿಗೆ ಅದನ್ನು ಸಿರಿ ಎಂದೇ ಓದಿತು.
"ಬಡಿಸುವ ಕೈ," ಅಂದೆ, "ಸ್ವಂತದವರಿಗಲ್ಲ."
ನಕ್ಕಳು. "ದೊಡ್ಡಾಸ್ಪತ್ರೆಯ ಅಡಿಗೆಕೋಣೆ.
ಇಪ್ಪತ್ತೊಂಬತ್ತು ವರ್ಷ. ಮೊನ್ನೆ ಮಾರ್ಚಿಗೆ ಮುಗಿಯಿತು."
ನಿಜ ಹೇಳಬೇಕೆಂದರೆ ನಾನು ಓದಿದ್ದು ಹಾಳೆಯನ್ನಲ್ಲ,
ಅವಳ ಮಣಿಕಟ್ಟಿನ ಮೇಲಿನ ಸುಟ್ಟ ಗುರುತನ್ನು.

ಜೂನೊ, ಮದುವೆಯದ್ದಂತೆ, ಹನ್ನೆರಡರಲ್ಲಿ, ವ್ಯಯದಲ್ಲಿ.
ಬೆರಳಿನಿಂದ ಮುಚ್ಚಿ ಮುಂದೆ ಹೋದೆ.
"ಅಲ್ಲಿ ಎಂತ ಉಂಟು?"
"ಮಸಿ."

ಲಗ್ನಕ್ಕೇ ತಾಗಿಕೊಂಡು ಇನ್ನೊಂದು. ಹೆಸರಿಲ್ಲ, ಬರೀ ಅಂಕೆ,
ಬಸ್ ಟಿಕೆಟ್ಟಿನಷ್ಟು ಉದ್ದ.
"ಹೆಸರಿಡುವಷ್ಟು ದೊಡ್ಡದಲ್ಲವೇನೋ" ಅಂದೆ.

"ಹಾಗೆಂತ ಇಲ್ಲ," ಅಂದಳು, "ನಮ್ಮಲ್ಲೂ ನಂಬರೇ.
ಹದಿನಾಲ್ಕಕ್ಕೆ ಉಪ್ಪಿಲ್ಲ.
ಇಪ್ಪತ್ತೆರಡು ಸಕ್ಕರೆ ಕಾಯಿಲೆ, ದಿಂಬಿನಡಿ ಬಾಳೆಹಣ್ಣು.
ಮೂವತ್ತೊಂದಕ್ಕೆ ಬರೀ ಗಂಜಿತಿಳಿ, ಅದೂ ಚಮಚದಲ್ಲಿ.
ಹೆಸರು ಕೇಳಿದರೆ ನನಗೆ ಗೊತ್ತಿಲ್ಲ ಭಟ್ರೇ,
ಯಾವ ಮಗ್ಗುಲಿಗೆ ಮಲಗುತ್ತಾರೆ ಅಂತ ಗೊತ್ತುಂಟು."

ಕೈಗೆ ಏನಾದರೂ ಬೇಕಾಗಿತ್ತು. ಕವಡೆ ಚೀಲ ಬಿಚ್ಚಿದೆ.
ಲೋಟ ಎಣಿಸಿ ಪಳಗಿದ ಕಣ್ಣು ಅವಳದು.
"ಇದು ಗುಂಡಿಯಲ್ಲವಾ?"

ಹೌದು. ಹನ್ನೊಂದು ವರ್ಷದ ಹಿಂದೆ ಒಂದು ಕವಡೆ
ಹಲಗೆಯ ಸಂದಿಯಿಂದ ಟೈಲರನ ಅಂಗಡಿಗೆ ಬಿತ್ತು.
ಎಷ್ಟು ಗುಡಿಸಿದರೂ ಸಿಗಲಿಲ್ಲ,
ಬದಲಿಗೆ ಅವನು ಇದನ್ನು ಕೊಟ್ಟ. ಶರ್ಟಿನದ್ದು.
ಎಷ್ಟು ಮದುವೆ ಇದನ್ನು ಸೇರಿಸಿ ನಿಶ್ಚಯವಾದವು,
ಎಷ್ಟು ದೋಣಿ ನೀರಿಗಿಳಿದವು!
ಯಾರೂ ಕೇಳಿರಲಿಲ್ಲ.

ಮಗುಚಿ ನೋಡಿದಳು. "ನಾಲ್ಕು ತೂತು.
ಇದು ಯಾವ ಗ್ರಹ?"

ಮಾತು ತಪ್ಪಿಸಲು ಕೇಳಿದೆ:
"ಮೂವತ್ತೊಂದು ಈಗ ಹೇಗಿದ್ದಾರೆ?"

"ನನ್ನ ಕೊನೆಯ ದಿನ ಹಾಸಿಗೆ ಖಾಲಿ ಇತ್ತು.
ತಿಳಿ ಒಂದು ಲೋಟ ಉಳಿಯಿತು.
ಚೆಲ್ಲಲಿಕ್ಕೆ ಮನಸ್ಸಾಗಲಿಲ್ಲ, ನಾನೇ ಕುಡಿದೆ.
ತಣಿದಿತ್ತು."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡಳು.
ಏನು ಕೇಳಲು ಬಂದಿದ್ದಳೋ, ಕೇಳದೆಯೇ ಮೆಟ್ಟಿಲಿಳಿದಳು.
ಕೆಳಗೆ ಹೊಲಿಗೆ ಮಿಷನ್ ಮತ್ತೆ ಶುರುವಾಯಿತು.
ನೂರೇಳನ್ನು ಚೀಲಕ್ಕೆ ತುಂಬಿದೆ.
ಗುಂಡಿ ಅಂಗೈಯಲ್ಲೇ ಉಳಿಯಿತು,
ಎದುರಿಗೆ ಹನ್ನೆರಡು ಮನೆಯ ಹಲಗೆ,
ಯಾವುದರಲ್ಲಿ ಇಡುವುದೆಂದು
ದೀಪ ಹಚ್ಚುವ ಹೊತ್ತಾದರೂ ಹೊಳೆಯಲಿಲ್ಲ.